ಸಾರು ಬಡಿಸಿದವನು

ಮಠದ ಛತ್ರ, ಕಡೂರು
20-3-1982, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಬೆನಕಪ್ಪ ಬರೀತಿರೋದು. ಹೇಗಿದ್ದೀಯ? ಮಳೆಗಾಲದಲ್ಲಿ ನಿನಗೆ ಮಂಡಿ ನೋವು ಬರ್ತಿತ್ತು, ಈಗ ಬಿಸಿಲು ಕಾಯ್ತಿದೆ, ಸ್ವಲ್ಪ ಕಡಿಮೆ ಇರಬೇಕು. ಶಕುಂತಲ ನಿನ್ನ ಎತ್ತರಕ್ಕೆ ಬಂದಿರ್ತಾಳೆ. ಚನ್ನಬಸವನಿಗೆ ಹತ್ತು ತುಂಬಿತಾ? ನಾನು ಕೊನೇ ಸಲ ಎತ್ಕೊಂಡಾಗ ಅವನಿಗೆ ಇನ್ನೂ ‘ರ’ ತಿರುಗ್ತಿರಲಿಲ್ಲ, ನನ್ನ ಹಿಟ್ಟಿನ ಗಿರಣಿಗೆ ಗಿಲಣಿ ಅಂತಿದ್ದ. ನನ್ನ ಮೈ ಚೆನ್ನಾಗಿದೆ. ಹಲ್ಲು ಎರಡು ಹೋಗಿದಾವೆ, ತಲೆ ಬೆಳ್ಳಗಾಗಿದೆ, ಬೇರೇನಿಲ್ಲ. ಈ ಪತ್ರ ಜೈಲಿಂದ ಬರ್ತಿಲ್ಲ, ಹಾಗಾಗಿ ಯಾರೂ ಒಡೆದು ಓದಿ ಸೀಲು ಹೊಡೆದಿಲ್ಲ. ಶಿವನಿ ಬಸ್ಸಿನ ಕಂಡಕ್ಟರ್ ಸಣ್ಣಬೀರಪ್ಪನ ಕೈಲಿ ಕಳಿಸ್ತಿದ್ದೀನಿ. ಅಜ್ಜಂಪುರದ ನನ್ನ ಗಿರಣಿಗೆ ರಾಗಿ ಮೂಟೆ ಹೊತ್ಕೊಂಡು ಬರ್ತಿದ್ದನಲ್ಲ, ಅವನೇ. ಬಸ್ ಸ್ಟ್ಯಾಂಡಿನಲ್ಲಿ ನನ್ನ ನೋಡಿ ಟಿಕೆಟ್ ಹರಿಯೋದು ಬಿಟ್ಟು ನಿಂತ್ಬಿಟ್ಟ. ನಿನ್ನ ಕೈಗೇ ಕೊಡ್ತೀನಿ ಅಂತ ಮಾತು ಕೊಟ್ಟಿದಾನೆ.

ಹೋದ ವಾರ ಶುಕ್ರವಾರ ನನ್ನ ಪೆರೋಲ್ ಮೇಲೆ ಬಿಟ್ಟರು. ಸರ್ಕಾರದಿಂದ ಕೊನೇ ಆದೇಶ ಬರೋ ತನಕ ದಿನಾ ಬೆಳಿಗ್ಗೆ ಇಲ್ಲಿ ಸ್ಟೇಷನ್ನಿನಲ್ಲಿ ಸಹಿ ಹಾಕಬೇಕು, ಕಡೂರು ತಾಲ್ಲೂಕು ದಾಟಬಾರದು, ನಿಮ್ಮ ಶಿವನಿಗೂ ಬರೋ ಹಾಗಿಲ್ಲ. ಮಠದೋರು ಛತ್ರದಲ್ಲಿ ಒಂದು ರೂಮು ಕೊಟ್ಟಿದಾರೆ. ಮೊದಲನೇ ಬೆಳಿಗ್ಗೆ ಏನಾಯ್ತು ಗೊತ್ತಾ, ಆರು ಗಂಟೆಗೆ ಎದ್ದು ಹಾಸಿಗೆ ಮಡಿಚಿ, ಬಾಗಿಲ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತೆ. ಬಾಗಿಲು ತೆಗೆಯೋರಿಗೆ ಕಾಯ್ತಾ ಇದ್ದೆ. ಎಂಟು ಗಂಟೆಗೆ ಅಡುಗೆಯೋರು ಬಂದು ‘ಯಾಕಪ್ಪಾ ಹಿಂಗೆ ಕೂತಿದೀಯ, ಚಿಲಕ ನಿನ್ನ ಕಡೆಗೇ ಐತಲ್ಲ’ ಅಂದ ಮೇಲೆ ಗೊತ್ತಾಗಿದ್ದು. ತಲೆ ಇನ್ನೂ ಸರಿಯಾಗಿ ಕೂತಿಲ್ಲ ಅಕ್ಕಾ. ಅನ್ನ ಉಣ್ತಾ ಉಣ್ತಾ ಕೈ ನಿಂತುಹೋಗುತ್ತೆ. ಆದದ್ದು ನನಗೇ ಆಯ್ತಾ ಅಂತ ಇನ್ನೊಂದ್ಸಲ ಮೊದಲಿಂದ ನೆನೆಸ್ಕೋಬೇಕಾಗುತ್ತೆ. ಅದಕ್ಕೇ ನಿನಗೆ ಎಲ್ಲಾ ಬರೀಬೇಕು ಅಂತ ಕೂತೆ. ಒಳಗಿಂದ ನಿನಗೆ ಹನ್ನೊಂದು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಗಂಡನ್ನ ಕೊಂದೋನಿಗೆ ಏನಂತ ಬರೀತಾಳೆ ಪಾಪ, ಅಂದುಕೊಂಡು ನಿಲ್ಲಿಸಿದೆ.

ಎಪ್ಪತ್ತೈದರಲ್ಲಿ ಆಗಿದ್ದು ನಿನಗೆ ಗೊತ್ತಿರೋದೇ. ಶಿವಮೂರ್ತಪ್ಪ ಭಾವ ನಿನ್ನ ಅಂಗೈನ ಕಾದ ರೊಟ್ಟಿ ಹಂಚಿನ ಮೇಲೆ ಒತ್ತಿ ಹಿಡಿದ ಅಂತ ಕೇಳಿ ನಾನು ಗಿರಣಿ ನಿಲ್ಲಿಸಿ ಓಡಿಬಂದಿದ್ದು, ಅಜ್ಜಂಪುರದ ಸಂತೇಲಿ ಅವನ ಕೊರಳಪಟ್ಟಿ ಹಿಡಿದಿದ್ದು. ‘ಇನ್ನೊಂದ್ಸಲ ನಮ್ಮಕ್ಕನ ಮೈ ಮುಟ್ಟಿದ್ರೆ ಕೊಂದು ರೈಲುಕಂಬಿ ಮೇಲೆ ಮಲಗಿಸ್ತೀನಿ’ ಅಂತ ನೂರು ಜನರ ಮುಂದೆ ಕೂಗಿದೆ. ಬಾಯಿಗೆ ಬಂದ ಮಾತು. ಅದಾಗಿ ಹನ್ನೆರಡು ದಿನಕ್ಕೆ ಶಿವನಿ ಸ್ಟೇಷನ್ನಿನ ಆಚೆ ಕಂಬಿ ಮೇಲೆ ಹೆಣ ಸಿಕ್ತು. ಮುಖ ಉಳಿದಿರಲಿಲ್ಲ. ಭಾವನೂ ಮನೇಲಿರಲಿಲ್ಲ. ನೀನು ಹೆಣದ ಮೇಲಿದ್ದ ಕೋಟಿನ ಒಳಬಟ್ಟೆ ಮಗುಚಿ, ನೀನೇ ಹಸಿರು ದಾರದಲ್ಲಿ ಹಾಕಿದ ಹೊಲಿಗೆ ನೋಡಿ ‘ನಮ್ಮನೆಯವರದೇ’ ಅಂತ ಕುಸಿದು ಕೂತೆ. ಅದರಲ್ಲಿ ನಿನ್ನ ತಪ್ಪಿಲ್ಲ. ನಾನೂ ಅದು ಭಾವನೇ ಅಂದುಕೊಂಡಿದ್ದೆ. ಯಾರು ಕೊಂದರೋ, ನನ್ನ ಬಾಯಿ ಮಾತು ನನ್ನ ಕತ್ತಿಗೆ ಬಂತು ಅಂದುಕೊಂಡೆ. ಕೋರ್ಟಿನಲ್ಲಿ ‘ನಿನ್ನ ತಮ್ಮ ಹಂಗಂದಿದ್ದು ನಿಜವಾ’ ಅಂತ ವಕೀಲರು ಕೇಳಿದಾಗ ನೀನು ಸೆರಗು ಬಾಯಿಗಿಟ್ಕೊಂಡು ‘ಅಂದಿದ್ದ’ ಅಂದೆ. ನಿಜ ತಾನೆ, ಅಂದಿದ್ದೆ. ನನಗೆ ಜೀವಾವಧಿ ಆಯ್ತು.

ಮೊದಲು ತರೀಕೆರೆ ಲಾಕಪ್ಪು, ಆಮೇಲೆ ಜಿಲ್ಲಾ ಜೈಲು, ಶಿಕ್ಷೆ ಆದ ಮೇಲೆ ಬಳ್ಳಾರಿ. ಐದು ವರ್ಷ ಬಳ್ಳಾರೀಲೇ ಕಳೆದೆ. ಅಲ್ಲಿಯ ಬಿಸಿಲು ನಿನಗೆ ಹೇಳಿದ್ರೆ ಅರ್ಥ ಆಗಲ್ಲ. ಏಪ್ರಿಲ್ಲಿನಲ್ಲಿ ಕುಡಿಯೋ ನೀರಿಗೆ ಸ್ನಾನದ ನೀರಿನ ಬಿಸಿ ಇರುತ್ತೆ. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಎಣಿಕೆ, ಮಧ್ಯಾಹ್ನ ಎಣಿಕೆ, ಹೊತ್ತು ಮುಳುಗೋ ಮುಂಚೆ ಒಳಗೆ ಹಾಕುವಾಗ ಮತ್ತೆ ಎಣಿಕೆ. ಒಬ್ಬ ಕಡಿಮೆ ಬಂದ್ರೆ ಎಲ್ಲರನ್ನೂ ಮತ್ತೆ ಮೊದಲಿಂದ ಎಣಿಸ್ತಾರೆ. ಬಿಳಿ ಚಡ್ಡಿ, ಬಿಳಿ ಅಂಗಿ, ಟೋಪಿ. ಹೆಸರು ಹೋಗಿ ನಂಬರು ಬರುತ್ತೆ, ಆದರೂ ಒಳಗೆ ಎಲ್ಲರಿಗೂ ಅಡ್ಡಹೆಸರು ಇರುತ್ತೆ. ನನ್ನ ‘ಗಿರಣಿ’ ಅಂತಿದ್ರು. ಜಮಖಾನ ನೇಯೋ ಮಗ್ಗಕ್ಕೆ ಹಾಕಿದ್ರು. ಗಿರಣಿ ಬೆಲ್ಟು ಸರಿಮಾಡಿದ ಕೈ ಅಲ್ವಾ, ಬೇಗ ಕಲಿತೆ. ಮುರಿದ ಮಗ್ಗ ರಿಪೇರಿ ಮಾಡೋನೂ ನಾನೇ ಆದೆ. ಮಧ್ಯಾಹ್ನ ಮುದ್ದೆ ಸಾರು, ಭಾನುವಾರ ಸ್ವಲ್ಪ ಬೆಲ್ಲ. ಇಷ್ಟಲಿಂಗ ನನ್ನ ಹತ್ರ ಇಟ್ಕೊಳ್ಳೋಕೆ ಬಿಟ್ಟಿದ್ರು, ಪೂಜೆಗೆ ಬಟ್ಟಲಲ್ಲಿ ನೀರು ಉಳಿಸ್ಕೋತಿದ್ದೆ. ಹೀಗೆ ದಿನ ಹೋಗ್ತಿದ್ವು. ಕಷ್ಟ ಅಂತ ಹೇಳ್ಕೊಳ್ಳೋಕೆ ಬರೀತಿಲ್ಲ. ಒಂದೇ ಒಂದು ದಿನ ನನ್ನ ಕೈಲಿ ತಡ್ಕೊಳ್ಳೋಕೆ ಆಗಲಿಲ್ಲ. ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಅವ್ವ ತೀರ್ಕೊಂಡಳು ಅಂತ ಊರಿಂದ ಬಂದ ಕಾರ್ಡು ಜೈಲರು ಓದಿ ಹೇಳಿದ ದಿನ. ಮಣ್ಣು ಮಾಡಿ ಎಂಟು ದಿನ ಆಗಿತ್ತಂತೆ. ಆವತ್ತು ಮಗ್ಗದ ಮುಂದೆ ಕೂತೋನು ಸಂಜೆ ತನಕ ಒಂದು ಎಳೆ ಹಾಕಲಿಲ್ಲ. ಮೇಸ್ತ್ರಿ ನೋಡಿಯೂ ನೋಡದ ಹಾಗೆ ಹೋದ.

ಹೋದ ವರ್ಷ ಅಕ್ಟೋಬರಿನಲ್ಲಿ ವರ್ಗಾವಣೆ ಅಂದ್ರು. ಮೈಸೂರು ಜೈಲಲ್ಲಿ ಹೊಸಾ ಮಗ್ಗ ಹಾಕ್ತಿದಾರೆ, ಕೆಲಸ ಬಲ್ಲೋರು ಬೇಕು ಅಂತ. ಒಂದು ಗಂಟು, ಒಂದು ಕಂಬಳಿ, ಕೈಗೆ ಬೇಡಿ, ಜೊತೆಗೆ ಇಬ್ಬರು ಪೊಲೀಸರು. ಹುಬ್ಬಳ್ಳೀಲಿ ರೈಲು ಬದಲಾಯಿಸಿದ ಮೇಲೆ ನಾನು ಕಿಟಕಿ ಪಕ್ಕಕ್ಕೆ ಸರಿದು ಕೂತೆ, ಯಾಕಂದ್ರೆ ಆ ರೈಲು ನಮ್ಮ ದಾರೀಲೇ ಬರೋದು. ಶಿವನೀಲಿ ಎರಡು ನಿಮಿಷ ನಿಂತಾಗ ಬೇಡಿ ಮೇಲೆ ಕಂಬಳಿ ಮುಚ್ಕೊಂಡು ಕಿಟಕೀಲಿ ನಿಮ್ಮ ತೆಂಗಿನ ತೋಟದ ಕಡೆ ನೋಡಿದೆ. ಹೆಂಗಸೊಬ್ಬಳು ಗರಿ ಎಳ್ಕೊಂಡು ಹೋಗ್ತಿದ್ದಳು. ನೀನೋ ಬೇರೆಯವರೋ ಗೊತ್ತಾಗೋ ಮುಂಚೆ ರೈಲು ಹೊರಟುಹೋಯ್ತು. ಅಜ್ಜಂಪುರ ಬಂದಾಗ ಪೊಲೀಸಿನವನು ‘ನಿಮ್ಮೂರು ಇದೇ ಅಲ್ವೇನಯ್ಯಾ, ಇಳಿದು ಬರ್ತೀಯಾ’ ಅಂತ ತಮಾಷೆ ಮಾಡಿದ. ನನ್ನ ಮುಖ ನೋಡಿ ಒಂದು ಚಹಾ ಕೊಡಿಸಿದ.

ಮೈಸೂರಿಗೆ ಹೋದ ಮೂರನೇ ದಿನ ಮಧ್ಯಾಹ್ನ ಅಕ್ಕಾ. ಊಟದ ಸಾಲಲ್ಲಿ ನಿಂತಿದ್ದೆ. ನನ್ನ ಮುಂದೆ ಇಪ್ಪತ್ತು ಜನ ಇದ್ರು. ಮುದ್ದೆ ಕೊಡೋನೊಬ್ಬ, ಸಾರು ಹುಯ್ಯೋನೊಬ್ಬ, ಇಬ್ಬರೂ ಕೈದಿಗಳೇ. ನನ್ನ ಸರದಿ ಬಂತು, ತಟ್ಟೆ ಚಾಚಿದೆ. ಸಾರು ಹುಯ್ದೋನು ತಲೆ ಎತ್ತದೆ ‘ಮುಂದೆ ನಡೀರಿ ಧಣಿ’ ಅಂದ. ನಮ್ಮ ಮನೆಗೆ ಬಂದಾಗೆಲ್ಲ ನನ್ನ ಆಡಿಕೊಂಡು ಅಂತಿದ್ದ ಅದೇ ಧಣಿ, ಅದೇ ರಾಗ. ಮುಖ ನೋಡಿದೆ. ಸೊರಗಿದ್ದ, ಮೀಸೆ ಬೋಳಿಸಿದ್ದ, ಕಣ್ಣು ಅವೇ. ಅವನೂ ತಲೆ ಎತ್ತಿದ. ಸೌಟು ಕೈತಪ್ಪಿ ಸಾರಿನ ಕೊಳಗದೊಳಗೆ ಮುಳುಗಿಹೋಯ್ತು. ನಾನು ಕೊಂದೆ ಅಂತ ಆರು ವರ್ಷದಿಂದ ಒಳಗೆ ಕೂತಿದ್ದೀನಿ, ಕೊಲೆಯಾದೋನು ನನ್ನ ತಟ್ಟೆಗೆ ಸಾರು ಹುಯ್ತಿದಾನೆ!

ನನಗೆ ಕೂಗೋಕೆ ಬರಲಿಲ್ಲ. ನಗು ಬಂತು. ಎಂಥಾ ನಗು ಅಂದ್ರೆ, ತಟ್ಟೆ ಬಿಸಾಕಿ ನೆಲಕ್ಕೆ ಬಿದ್ದು ನಕ್ಕೆ. ‘ಇವನೇ ಕಣ್ರೀ, ನಾನು ಕೊಂದೋನು ಇವನೇ’ ಅಂತ ಅಂದೆನಂತೆ. ವಾರ್ಡರ್ ನನ್ನ ರಟ್ಟೆ ಹಿಡಿದೆತ್ತಿ ‘ಸತ್ತೋನು ಎದ್ದುಬಂದು ಸಾರು ಬಡಿಸ್ತಾವ್ನೇನೋ’ ಅಂದ. ಎಲ್ಲಾ ನಕ್ಕರು. ಜೈಲಾಸ್ಪತ್ರೇಲಿ ಎರಡು ದಿನ ಮಲಗಿಸಿದ್ರು, ತಲೆ ಕೆಟ್ಟಿದೆ ಅಂತ. ವಿಚಾರಿಸಿದಾಗ ಗೊತ್ತಾಯ್ತು, ಅವನ ಹೆಸರು ಅಲ್ಲಿ ಮಲ್ಲಿಕಾರ್ಜುನಪ್ಪ, ರಾಣೆಬೆನ್ನೂರು ಕಡೆಯೋನು, ಪಂಪ್‌ಸೆಟ್ಟು ಕಳ್ಳತನದ ಮೇಲೆ ಒಂದೂವರೆ ವರ್ಷ ಶಿಕ್ಷೆ. ಜೈಲರು ಅವನನ್ನ ಕರೆದು ಕೇಳಿದಾಗ ‘ಈ ಮನುಷ್ಯನ ನಾನು ಕಂಡೇ ಇಲ್ಲ ಸ್ವಾಮಿ’ ಅಂದನಂತೆ. ಆಮೇಲೆ ಹದಿನೈದು ದಿನ ಅವನ ಕೈಲೇ ಉಂಡೆ. ಬೇರೆ ದಾರಿ ಇರಲಿಲ್ಲ, ಸಾರು ಹುಯ್ತಿದ್ದೋನು ಅವನೇ. ಒಂದಿನ ನೀರಿನ ತೊಟ್ಟಿ ಹತ್ರ ಬಟ್ಟೆ ಒಗೀತಿದ್ದಾಗ ಪಕ್ಕಕ್ಕೆ ಬಂದು ಕೂತ. ‘ಬೆನಕ, ಸುಮ್ನಿರು. ನನಗಿನ್ನು ಸ್ವಲ್ಪ ದಿನ ಐತೆ. ಹೊರಟುಹೋಗ್ತೀನಿ. ನೀನು ಹೆಂಗೂ ಅರ್ಧ ಮುಗಿಸಿದೀಯ’ ಅಂದ. ‘ನಾನು ಒಳಗಿರೋದು ನಿಂಗೆ ಗೊತ್ತಿತ್ತಾ’ ಅಂದೆ. ‘ಪೇಪರಲ್ಲಿ ನೋಡಿದ್ದೆ’ ಅಂದ. ಅಂಗಿ ಹಿಂಡುತ್ತಾ ಹೇಳಿದ ಅಕ್ಕಾ, ಮಳೆ ಬಂದಿತ್ತಾ ಅಂದ್ರೆ ಬಂದಿತ್ತು ಅಂದ ಹಾಗೆ. ಕೋಟಿನ ಕತೇನೂ ಹೇಳಿದ. ಸಂತೇಲಿ ನಾನು ಮಾನ ಕಳೆದೆ ಅಂತ ಊರು ಬಿಟ್ಟನಂತೆ, ಚಿಕ್ಕಜಾಜೂರಿನಲ್ಲಿ ಯಾವನೋ ದಾರಿಹೋಕನ ಜೊತೆ ಇಸ್ಪೀಟಾಡಿ ಕೋಟು ಸೋತನಂತೆ. ಆ ಕೋಟು ತೊಟ್ಟೋನು ಹೇಗೆ ಸತ್ತನೋ ಅವನಿಗೂ ಗೊತ್ತಿಲ್ಲ. ಸತ್ತೋನ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಅಲ್ಲಿಯ ಸೂಪರಿಂಟೆಂಡೆಂಟ್ ಸಾಹೇಬ್ರು ದೇವರಂಥೋರು. ಬೇರೆ ಯಾರಾದ್ರೂ ಆಗಿದ್ರೆ ನನ್ನ ಅರ್ಜಿ ಕಸದ ಬುಟ್ಟಿಗೆ ಹೋಗ್ತಿತ್ತು. ಅವರು ಎರಡು ಸಲ ನನ್ನ ಕೂರಿಸ್ಕೊಂಡು ಕೇಳಿ, ‘ಇವನನ್ನ ಗುರುತು ಹಿಡಿಯೋರು ಯಾರಿದಾರೆ’ ಅಂದ್ರು. ‘ನಮ್ಮಕ್ಕ ಮಲ್ಲಿಕಾಂಬ ಇದಾಳೆ ಸ್ವಾಮಿ, ಅವಳು ಬಂದು ಒಂದು ಮಾತು ಅಂದ್ರೆ ಸಾಕು’ ಅಂದೆ. ನಿನಗೆ ಕಾಗದ ಬಂತು. ನೀನು ಬರ್ತೀಯ ಅಂತ ಗಡ್ಡ ತೆಗೆಸ್ಕೊಂಡು ಕಾದೆ. ನೀನು ಬರಲಿಲ್ಲ. ‘ನನ್ನ ಗಂಡ ತೀರಿಹೋಗಿದ್ದಾರೆ, ನಾನು ಎಲ್ಲಿಗೂ ಬರುವುದಿಲ್ಲ’ ಅಂತ ನೀನು ಸಹಿ ಹಾಕಿ ಕಳಿಸಿದ್ದನ್ನ ಸಾಹೇಬ್ರು ನನಗೆ ತೋರಿಸಿದ್ರು. ಆವಾಗಲೂ ನನಗೆ ಹೊಳೆಯಲಿಲ್ಲ ನೋಡು. ಅಕ್ಕ ನಂಬಿಲ್ಲ, ಮತ್ತೆ ಆ ನೋವಿಗೆ ಕೈ ಹಾಕೋಕೆ ಅವಳಿಗೆ ಆಗ್ತಿಲ್ಲ ಅಂದುಕೊಂಡೆ.

ಆಮೇಲೆ ಅಮೃತಾಪುರದಿಂದ ನಿಮ್ಮತ್ತೆ ತೀರ್ಥಮ್ಮನವರನ್ನ ಕರೆಸಿದ್ರು. ಅವರ ಮಗಳ ಗಂಡ ಕೈಹಿಡ್ಕೊಂಡು ಕರ್ಕೊಂಡು ಬಂದ. ಕಣ್ಣಿಗೆ ಪೊರೆ ಬಂದಿದೆ ಪಾಪ. ಆಫೀಸಿನಲ್ಲಿ ನನ್ನ ಒಂದು ಕಡೆ, ಅವನನ್ನ ಇನ್ನೂ ಐದು ಜನರ ಜೊತೆ ಸಾಲಾಗಿ ಒಂದು ಕಡೆ ನಿಲ್ಲಿಸಿದ್ರು. ಆಕೆ ಒಬ್ಬೊಬ್ಬರ ಮುಂದೂ ನಿಂತು ತಲೆ ಮುಟ್ಟಿ ನೋಡಿದ್ರು. ನಾಲ್ಕನೆಯವನು ಭಾವ. ಬೆರಳು ಅವನ ಕಿವಿ ಹಿಂದೆ ನಿಂತುಹೋಯ್ತು, ಚಿಕ್ಕಂದಿನಲ್ಲಿ ಎತ್ತಿನ ಕೋಡು ತಾಗಿದ ಕಲೆ ಇದೆಯಂತೆ ಅಲ್ಲಿ. ಆಕೆ ಅಳಲಿಲ್ಲ ಅಕ್ಕಾ. ಕೆನ್ನೆಗೆ ಬಾರಿಸಿದ್ರು. ‘ಲೇ ಶಿವಮೂರ್ತಿ, ಆರು ವರ್ಷ ನಿನ್ನ ಗದ್ದುಗೆ ಅಂತ ನೀರು ಹುಯ್ದು ಹೂವ ಹಾಕಿದೀನಲ್ಲೋ. ಯಾವ ತಾಯಿ ಮಗನ ಗುಂಡಿಗೆ ಹಾಕ್ದೆ ಹೇಳೋ’ ಅಂದ್ರು. ಅವನು ‘ಅವ್ವಾ’ ಅಂದ್ಬಿಟ್ಟ. ಅಲ್ಲಿಗೆ ಮಲ್ಲಿಕಾರ್ಜುನಪ್ಪ ಮುಗಿದ. ತೀರ್ಥಮ್ಮನವರು ಅವನ ಕಡೆ ತಿರುಗಲಿಲ್ಲ, ತಡವರಿಸ್ಕೊಂಡು ನನ್ನ ಹತ್ರ ಬಂದು ನನ್ನ ಎರಡೂ ಕೈ ಹಿಡ್ಕೊಂಡು ನಿಂತುಬಿಟ್ರು.

ಇಷ್ಟಕ್ಕೆ ಕತೆ ಮುಗೀಬೇಕಿತ್ತು. ಅವನ ಕಳ್ಳತನದ ಶಿಕ್ಷೆ ಹತ್ತು ದಿನದ ಹಿಂದೆ ಮುಗಿದು ಅವನೂ ಹೊರಗೆ ಬಂದ. ನಿನ್ನೆ ಶುಕ್ರವಾರ ಇಲ್ಲಿ ಕಡೂರಿನ ಕೋರ್ಟಿನಲ್ಲಿ ಇಬ್ಬರ ಹೇಳಿಕೆ ಬರೆಸ್ಕೊಂಡ್ರು. ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಭಾವ ಬಂದು ನನ್ನ ತೊಡೆ ಮೇಲೆ ಒಂದು ಹಳೇ ಇನ್‌ಲ್ಯಾಂಡ್ ಲೆಟರ್ ಎಸೆದ. ‘ಎಲ್ಲರೂ ನನ್ನೇ ಉಗೀತಾರೆ, ಇದನ್ನೂ ಓದು’ ಅಂದ. ನಿನ್ನ ಅಕ್ಷರ ಅಕ್ಕಾ. ಎರಡನೇ ತಾರೀಕು ಮಾರ್ಚ್, ಎಪ್ಪತ್ತೊಂಬತ್ತು. ಊರಿಗೆ ಬರ್ತೀನಿ ಅಂತ ಅವನು ಬರೆದಿದ್ದಕ್ಕೆ ನೀನು ಕೊಟ್ಟ ಉತ್ತರ. ‘ನೀವು ಸತ್ತವರು ಸತ್ತವರ ಹಾಗೆಯೇ ಇರಿ. ಇಲ್ಲಿ ಮಕ್ಕಳು ಹೆದರದೆ ಮಲಗುವುದು ಈಗ ಕಲಿತಿದ್ದಾರೆ. ಬೆನಕ ಗಟ್ಟಿಗ, ತಡೆದುಕೊಳ್ಳುತ್ತಾನೆ.’

ಸಾರಿನ ಸೌಟು ನೋಡಿದಾಗ ಬಿದ್ದು ನಕ್ಕೆ ಅಂದೆನಲ್ಲ, ಇದನ್ನ ಓದಿದಾಗ ಏನೂ ಬರಲಿಲ್ಲ. ನಗು ಇಲ್ಲ, ಅಳು ಇಲ್ಲ. ಎದುರಿಗಿದ್ದ ಬೇವಿನ ಮರದ ಎಲೆ ಎಣಿಸ್ತಾ ಕೂತಿದ್ದೆ, ಕೋರ್ಟಿನ ಜವಾನ ಬಂದು ಎಬ್ಬಿಸೋ ತನಕ. ಮೂರು ವರ್ಷದಿಂದ ನಿನಗೆ ಗೊತ್ತಿತ್ತು. ನೀನು ಒಂದು ಕಾರ್ಡು ಬರೆದಿದ್ರೆ ನಾನು ಹೊರಗಿರ್ತಿದ್ದೆ. ಒಂದೊಂದು ಗಳಿಗೆ ಕೋಪ ಎಷ್ಟು ಬರುತ್ತೆ ಅಂದ್ರೆ, ನಿನ್ನ ಮನೆ ಮುಂದೆ ಬಂದು ನಿಂತು ಊರಿಗೆಲ್ಲಾ ಕೇಳೋ ಹಾಗೆ ಕೂಗಬೇಕು ಅನ್ಸುತ್ತೆ. ಮತ್ತೆ ನೆನಪಾಗುತ್ತೆ, ನಾನು ಜೈಲಿಂದ ಹೊರಗೆ ಬರೋದೂ ಅವನು ನಿನ್ನ ಮನೆ ಒಳಗೆ ಬರೋದೂ ಒಂದೇ ಕಾಗದದಲ್ಲಿತ್ತು ನಿನಗೆ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ದೆ ಅಂತ ನಿನ್ನೆಯಿಂದ ಕೇಳ್ಕೋತಿದ್ದೀನಿ, ಗೊತ್ತಾಗ್ತಿಲ್ಲ. ಕ್ಷಮೆ ಅಂತ ದೊಡ್ಡ ಮಾತಾಡೋಕೂ ಬರಲ್ಲ. ಇವತ್ತು ಬೆಳಿಗ್ಗೆ ಸಹಿ ಹಾಕೋಕೆ ಹೋದಾಗ ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬ್ರು ‘ಇವನು ಬದುಕಿರೋದು ನಿನ್ನ ಅಕ್ಕನಿಗೆ ಮೊದಲೇ ಗೊತ್ತಿತ್ತಾ’ ಅಂತ ಕೇಳಿದ್ರು. ‘ಇಲ್ಲ ಸ್ವಾಮಿ’ ಅಂದೆ. ವಾಪಸ್ ಬಂದು ನಿನ್ನ ಪತ್ರ ಛತ್ರದ ಒಲೆಗೆ ಹಾಕಿದೆ. ಪೂರ್ತಿ ಉರಿಯೋ ತನಕ ಅಲ್ಲೇ ನಿಂತಿದ್ದೆ.

ಒಂದೇ ಒಂದು ಕೇಳ್ತೀನಿ. ನೀನು ಆ ಪತ್ರ ಬರೆದಿದ್ದು ಮಾರ್ಚಿನಲ್ಲಿ. ಅವ್ವ ಸತ್ತಿದ್ದು ಶ್ರಾವಣದಲ್ಲಿ. ಕೊನೇ ದಿನಗಳಲ್ಲಿ ಅವ್ವ ನಿನ್ನ ಮನೇಲೇ ಇದ್ದಳು. ಬೆನಕ ಯಾರನ್ನೂ ಕೊಂದಿಲ್ಲ ಅಂತ ಅವಳ ಕಿವೀಲಿ ಒಂದು ಮಾತು ಹೇಳಿದ್ಯಾ ಅಕ್ಕಾ? ಯಾರಿಗೂ ಕೇಳಿಸದ ಹಾಗೆ, ಒಂದೇ ಒಂದು ಸಲ? ಬೇರೆ ಯಾವುದಕ್ಕೂ ನೀನು ಉತ್ತರ ಕೊಡಬೇಕಾಗಿಲ್ಲ. ಇದೊಂದನ್ನ ಹೇಳು. ಹೇಳಿರಲಿಲ್ಲ ಅಂದ್ರೂ ನಿಜಾನೇ ಹೇಳು, ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ.

ಶಕುಂತಲೆಗೂ ಚನ್ನಬಸವನಿಗೂ ಮಾವನ ಆಶೀರ್ವಾದ ತಿಳಿಸು. ಮಾವ ಒಳ್ಳೆಯೋನು ಅಂತ ಅವರಿಗೆ ಈಗಲಾದ್ರೂ ಹೇಳಬಹುದು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮಂಡಿಗೆ ಎಣ್ಣೆ ತಿಕ್ಕಿಸ್ಕೋ.

ನಿನ್ನ ತಮ್ಮ,
ಬೆನಕ

ತಾ.ಕ.: ಲಕೋಟೆಗೆ ಹಾಕೋ ಹೊತ್ತಿಗೆ ಸಣ್ಣಬೀರಪ್ಪ ಬಂದು ಹೇಳಿದ, ಭಾವ ಬಸ್ ಸ್ಟ್ಯಾಂಡ್ ಹೋಟ್ಲಿನಲ್ಲಿ ಕೂತು ‘ಮನೆ ನಂದು, ತೋಟ ನಂದು, ಹೆಂಡತಿ ನನ್ನ ಹೆಂಡತಿ’ ಅಂತ ಎಲ್ಲರ ಮುಂದೆ ಅಂತಿದಾನಂತೆ. ನಾಳೆ ಬೆಳಗಿನ ರೈಲಿಗೆ ಶಿವನಿಗೆ ಹೊರಡ್ತಾನಂತೆ, ಜೊತೆಗೆ ಬೀರೂರಿನ ಇಬ್ಬರು. ಬಾಗಿಲು ತೆಗೀಬೇಡ. ಮಕ್ಕಳನ್ನ ಹೊರಗೆ ಬಿಡಬೇಡ. ಬಸ್ಸು ಹತ್ತು ನಿಮಿಷಕ್ಕೆ ಹೊರಡುತ್ತೆ, ನಾನು ಮೊದಲು ಪೊಲೀಸ್ ಸ್ಟೇಷನ್ನಿಗೆ ಓಡ್ತೀನಿ. ಸಾಹೇಬ್ರು ಒಪ್ಪಿದ್ರೆ ಒಪ್ಪಿಗೆ ತಗೊಂಡು, ಒಪ್ಪದಿದ್ರೆ ತಗೊಳ್ಳದೆ, ಸಂಜೆ ಬಸ್ಸಿಗೆ ಬರ್ತೀನಿ. ನೀನು ಹೆದರಬೇಡ, ಈ ಸಲ ನಾನು ಕೂಗಲ್ಲ, ಕೈ ಎತ್ತಲ್ಲ. ನಿನ್ನ ಜಗಲಿ ಮೇಲೆ ಕೂತಿರ್ತೀನಿ, ಅಷ್ಟೇ. ಅವನು ನನ್ನ ದಾಟಿ ಒಳಗೆ ಹೋಗಲಿ ನೋಡೋಣ. ನಾನು ಬಂದು ಕರೆದಾಗ ಕಿಟಕೀಲಿ ನೋಡಿ ಬಾಗಿಲು ತೆಗಿ. ನನ್ನ ದನಿ ಬಹಳ ಬದಲಾಗಿದೆ, ನಿನಗೆ ಗುರುತು ಸಿಗದೆ ಇರಬಹುದು.